ಸೀಮೆಸುಣ್ಣದ ಸೀಮೆಯಲ್ಲಿ ನಾಲ್ಕು ದಿನ

ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ, ನನ್ನ ಬೀರುವಿನ ಮೇಲಿನ ಅರೆಯಲ್ಲಿ ಸದಾ ಎರಡು ಡಬ್ಬಿ ಸೀಮೆಸುಣ್ಣ ಇರುತ್ತದೆ. ಇಪ್ಪತ್ತೊಂದು ವರ್ಷದಿಂದ ತಿಪಟೂರು ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಅಷ್ಟೂ ವರ್ಷ ಅದರ ಧೂಳು ಕುಡಿದಿದ್ದೇನೆ. ಆದರೆ ಆ ಪದದಲ್ಲಿರುವ 'ಸೀಮೆ' ಯಾವ ಸೀಮೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಸೀಮೆಎಣ್ಣೆ, ಸೀಮೆಬದನೆ, ಸೀಮೆಹಸು, ಸೀಮೆಸುಣ್ಣ. ಹೊರಗಿನಿಂದ ಬಂದಿದ್ದಕ್ಕೆಲ್ಲ ನಮ್ಮ ಹಿರಿಯರು ಸೀಮೆ ಅಂತ ಸೇರಿಸಿ ಕೈತೊಳೆದುಕೊಂಡಿದ್ದಾರೆ.

ತಮ್ಮ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾನೆ. 2024ರ ಬೇಸಿಗೆ ರಜೆಯಲ್ಲಿ, ಚುನಾವಣೆ ಡ್ಯೂಟಿ ಮುಗಿಸಿಕೊಂಡು ಅವನ ಮನೆಗೆ ಹೋದೆ. ಇಲಾಖೆಯ ಅನುಮತಿ, ವೀಸಾ, ಅದೆಲ್ಲ ಬೇರೆಯೇ ಪುರಾಣ, ಬಿಡಿ. "ನಾಲ್ಕು ದಿನ ರಜೆ ಹಾಕಿದ್ದೀನಿ ಅಕ್ಕ, ಎಲ್ಲಿಗೆ ಹೋಗೋಣ ಹೇಳು" ಅಂದ. ಸಮುದ್ರದ ಪಕ್ಕ ಸುಣ್ಣದ ಬಂಡೆಗಳು ಗೋಡೆ ಥರ ನಿಂತಿರ್ತವಲ್ಲ, ಅಲ್ಲಿಗೆ ಅಂದೆ. ನನ್ನ ತಲೆಯಲ್ಲಿ ಇದ್ದದ್ದು ಡೋವರ್. ಅವನು ಬೇಡ ಅಂದ. ಅದರ ಪಶ್ಚಿಮಕ್ಕೆ, ಸಸೆಕ್ಸ್ ಕಡಲತೀರದಲ್ಲಿ ಸೆವೆನ್ ಸಿಸ್ಟರ್ಸ್ ಅಂತ ಇದೆಯಂತೆ. ಸಿನಿಮಾದವರು ಡೋವರ್ ಅಂತ ತೋರಿಸುವುದು ಎಷ್ಟೋ ಸಲ ಅದನ್ನೇ ಅಂತೆ.

ರಜೆಗೆ ಮುಂಚೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಮಿಸ್, ಬರುವಾಗ ಅಲ್ಲಿಯ ಸೀಮೆಸುಣ್ಣ ತನ್ನಿ" ಅಂದಿದ್ದಳು. ಚಾಕೊಲೇಟು ಕೇಳಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಮೊದಲ ದಿನ: ಬ್ರೈಟನ್

ಗ್ಯಾಟ್ವಿಕ್‌ನಲ್ಲಿ ರೈಲು ಬದಲಿಸಿ ಬ್ರೈಟನ್‌ಗೆ ಬಂದೆವು. ಸ್ಟೇಷನ್ನಿನಿಂದ ಇಳಿಜಾರಿನಲ್ಲಿ ನಡೆದರೆ ರಾಯಲ್ ಪೆವಿಲಿಯನ್ ಸಿಗುತ್ತದೆ. ಗುಮ್ಮಟಗಳ ಮೇಲೆ ಗುಮ್ಮಟ. ನಮ್ಮ ಮೈಸೂರು ಅರಮನೆ ಕಟ್ಟಿದ್ದೂ ಬ್ರಿಟಿಷ್ ಎಂಜಿನಿಯರೇ. ಆದರೆ ಇದು ಅದಕ್ಕಿಂತ ಸುಮಾರು ನೂರು ವರ್ಷ ಹಳೆಯದು. ಚಳಿಯ ದೇಶದ ರಾಜಕುಮಾರನೊಬ್ಬನಿಗೆ ಇಂಡಿಯಾದ ಗುಮ್ಮಟದ ಆಸೆ ಹತ್ತಿತ್ತು. ಮೊದಲ ಮಹಾಯುದ್ಧದಲ್ಲಿ, 1914ರ ಕೊನೆಯಿಂದ ಇದೇ ಅರಮನೆ ಗಾಯಾಳು ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಜಾತಿ, ಧರ್ಮ ನೋಡಿ ಬೇರೆ ಬೇರೆ ಅಡುಗೆಮನೆ ಮಾಡಿದ್ದರಂತೆ. ಅದನ್ನು ಓದಿ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಆ ಆಸ್ಪತ್ರೆಯ ಮಾತು ಬಂದದ್ದರಿಂದ ತಮ್ಮ ನನ್ನನ್ನು ಊರ ಹೊರಗೆ ಪ್ಯಾಚಮ್ ಅನ್ನುವ ಕಡೆ ಕರೆದುಕೊಂಡು ಹೋದ. ಹೆದ್ದಾರಿ ದಾಟಿ ಹೊಲಗಳ ನಡುವೆ ಏರು ದಾರಿ. ಮೊದಲ ಸಲ ಸೀಮೆಸುಣ್ಣ ಕಂಡಿದ್ದು ಅಲ್ಲೇ. ದಾರಿಯೇ ಬಿಳಿ. ಉತ್ತ ಹೊಲದ ತುಂಬ ಬಿಳಿ ಹೆಂಟೆ, ಯಾರೋ ಮೊಸರನ್ನ ಚೆಲ್ಲಿಕೊಂಡು ಹೋದ ಹಾಗೆ. ಮೇಲೆ, ಕುರಿ ಮೇಯುವ ಹುಲ್ಲಿನ ನಡುವೆ ಬಿಳಿ ಅಮೃತಶಿಲೆಯ ಒಂದು ಛತ್ರಿ, ಅಂದರೆ ಗುಮ್ಮಟದ ಸ್ಮಾರಕ ಮಂಟಪ. ಇಂಗ್ಲಿಷಿನಲ್ಲೂ ಹೆಸರು 'ಛತ್ರಿ'ಯೇ. ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ ಜಾಗ ಅದು. 1921ರಲ್ಲಿ ಕಟ್ಟಿದ್ದು. ಬೂದಿಯನ್ನು ಸಮುದ್ರಕ್ಕೆ ಬಿಟ್ಟರಂತೆ. ನಾವಿಬ್ಬರು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಹೆಸರುಗಳನ್ನು ಒಂದೊಂದಾಗಿ ಓದಿದೆ. ಜೋರಾಗಿ ಓದಿದೆ, ಕ್ಲಾಸಿನಲ್ಲಿ ಹಾಜರಿ ಕೂಗಿ ಅಭ್ಯಾಸ.

ಇಳಿದು ಬಂದು ಸೀಫರ್ಡ್‌ಗೆ ರೈಲು ಹಿಡಿದೆವು. ಮುಂದಿನ ಎರಡು ರಾತ್ರಿ ಅಲ್ಲೇ.

ಎರಡನೇ ದಿನ: ಸೀಫರ್ಡ್, ಕುಕ್‌ಮೇರ್

ಸೀಫರ್ಡ್ ಚಿಕ್ಕ ಊರು. ಬ್ರೈಟನ್ ಗದ್ದಲ ಇಲ್ಲ. ಬೀಚಿನಲ್ಲಿ ಮರಳಿಲ್ಲ, ಬರೀ ಕಲ್ಲು. ಕಾಲಿಟ್ಟರೆ ರಾಗಿ ಬೀಸುವ ಸದ್ದು. ಉರುಟು, ಕಂದು, ಕಪ್ಪು ಕಲ್ಲುಗಳು. ಎಲ್ಲವೂ ಚಕಮಕಿ ಕಲ್ಲು! ಪಾಠದಲ್ಲಿ ಆದಿಮಾನವನ ಕೈಯಲ್ಲಿ ಚಿತ್ರ ನೋಡಿದ್ದೆ, ಅಷ್ಟೆ. ಇಲ್ಲಿ ಅದರ ಮೇಲೆ ಕೂತು ತಿಂಡಿ ತಿನ್ನುತ್ತಾರೆ. ನಾವೂ ಕೂತೆವು. ಚಿಪ್ಸ್ ಅಂದರೆ ನಮ್ಮ ಬೇಕರಿ ಚಿಪ್ಸ್ ಅಲ್ಲ, ಹೆಬ್ಬೆರಳು ದಪ್ಪದ ಆಲೂಗಡ್ಡೆ. ಮೇಲೆ ಉಪ್ಪು, ವಿನೆಗರ್. ವಿನೆಗರ್ ವಾಸನೆ ನನಗೆ ಆಗಲಿಲ್ಲ. ಕೊಟ್ಟ ಪುಟ್ಟ ಪ್ಯಾಕೆಟ್ಟನ್ನು ಬಿಸಾಡಲು ಮನಸ್ಸಾಗದೆ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿದೆ. ಹಸಿವಾಗಿದ್ದ ಒಂದು ಸೀಗಲ್ ತಮ್ಮನ ಕೈಯಿಂದಲೇ ಚಿಪ್ಸ್ ಕಿತ್ತುಕೊಂಡು ಹೋಯಿತು. ಅಲ್ಲಿ ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ಕೂರಬೇಕು. ಹಿಂದಿನಿಂದ ಬರುತ್ತವೆ, ಕಳ್ಳ ಮುಂಡೇವು.

ಮಧ್ಯಾಹ್ನ ಸೀಫರ್ಡ್ ಹೆಡ್ ಹತ್ತಿದೆವು. ಬುಡದಲ್ಲಿ ಕಿಟಿವೇಕ್ ಅನ್ನುವ ಹಕ್ಕಿಗಳು ಬಂಡೆಯ ಅಂಚಿನಲ್ಲೇ ಗೂಡು ಕಟ್ಟಿ, ತಮ್ಮ ಹೆಸರನ್ನೇ ಕೂಗುತ್ತ ಕೂತಿದ್ದವು. ಏರುತ್ತಾ ಹೋದ ಹಾಗೆ ಗಾಳಿ. ಮೇ ತಿಂಗಳು ಅಂತ ನಾನು ತೆಳು ಸ್ವೆಟರ್ ಹಾಕಿಕೊಂಡಿದ್ದೆ. ಬಿಸಿಲು ಚೆನ್ನಾಗಿಯೇ ಇತ್ತು, ಆದರೆ ಅದು ಬರೀ ನೋಡೋಕೆ ಇರುವ ಬಿಸಿಲು. ಗಾಳಿ ತಡೆಯುವ ಜಾಕೆಟ್ ಇಲ್ಲದೆ ಅಲ್ಲಿಗೆ ಹೋಗಬೇಡಿ.

ದಾರಿ ಪಕ್ಕದ ಪೊದೆಗಳ ತುಂಬ ಹಳದಿ ಹೂವು. ಅದರ ಹತ್ತಿರ ಬಂದಾಗ ನನ್ನ ಕಾಲು ಸುಮ್ನೆ ನಿಂತುಬಿಟ್ಟಿತು. ಕೊಬ್ಬರಿ ವಾಸನೆ. ಅನುಮಾನವೇ ಇಲ್ಲ, ತಿಪಟೂರಿನ ಎಪಿಎಂಸಿ ಯಾರ್ಡಿನ ಪಕ್ಕ ಮಂಗಳವಾರವೋ ಬುಧವಾರವೋ ಹಾದುಹೋದ ಹಾಗೆ. "ಇಲ್ಲಿ ಯಾರೋ ಕೊಬ್ಬರಿ ಒಡೀತಿದಾರೆ ಕಣೋ" ಅಂದೆ. ತಮ್ಮ ಬಿದ್ದು ಬಿದ್ದು ನಕ್ಕ. ಗಾರ್ಸ್ ಅಂತ ಆ ಮುಳ್ಳುಗಿಡದ ಹೆಸರು. ಹೂವಿಗೆ ಕೊಬ್ಬರಿ ವಾಸನೆ ಇರುವುದು ಅಲ್ಲಿ ಎಲ್ಲರಿಗೂ ಗೊತ್ತಂತೆ. ಒಂದು ಹೂ ಕಿತ್ತು ಮೂಸುತ್ತಾ ಇನ್ನೂ ಅರ್ಧ ಮೈಲಿ ನಡೆದೆ.

ಆಮೇಲೆ ಗುಡ್ಡದ ತಿರುವು. ಕೆಳಗೆ ಹೊಳೆ ಸಮುದ್ರ ಸೇರುವ ಜಾಗ, ಹತ್ತಿರದಲ್ಲೇ ಒಂಟಿಯಾಗಿ ನಾಲ್ಕಾರು ಹಳೇ ಮನೆಗಳು, ಮತ್ತೆ ಆಚೆ ದಡದಲ್ಲಿ ಅವರು. ಸಿಸ್ಟರ್ಸ್. ಗೌರಿ ಹಬ್ಬಕ್ಕೆ ಸುಣ್ಣ ಹೊಡೆದ ಹೊಸ ಗೋಡೆ ನೋಡಿದ್ದೀರಲ್ಲ, ಕಣ್ಣು ಚುಚ್ಚುವ ಬಿಳುಪು? ಅಂಥ ಗೋಡೆ, ಇಪ್ಪತ್ತು ಮಹಡಿ ಎತ್ತರ. ಮೇಲೆ ಹಸಿರು ಅಂಚು. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ನಾನು ಫೋಟೋ ತೆಗೆಯುವುದನ್ನೂ ಮರೆತೆ. ತಮ್ಮ ತೆಗೆದ ಫೋಟೋದಲ್ಲಿ ನನ್ನ ಬಾಯಿ ತೆರೆದೇ ಇದೆ.

ಹತ್ತಿರ ಕಾಣುತ್ತದೆ ಅಂತ ಕೆಳಗಿಳಿದು ಸೀದಾ ದಾಟಿಬಿಡೋಣ ಅಂದುಕೊಂಡಿದ್ದು ನಮ್ಮ ದಡ್ಡತನ. ಕುಕ್‌ಮೇರ್ ಹೊಳೆಗೆ ಬಾಯಿಯ ಹತ್ತಿರ ಸೇತುವೆ ಇಲ್ಲ. ನಾಯಿ ಕರೆದುಕೊಂಡು ಬಂದಿದ್ದ ಅಜ್ಜಿಯೊಬ್ಬರು ನಮ್ಮನ್ನೂ ನೀರನ್ನೂ ಒಮ್ಮೆ ನೋಡಿ, ಸೇತುವೆ ಅತ್ತ ಕಡೆ ಅಂತ ಕೋಲಿನಲ್ಲಿ ಒಳನಾಡಿನ ಕಡೆ ತೋರಿಸಿದರು. ಇಳಿತದಲ್ಲಿ ನೀರು ಕಮ್ಮಿ ಕಂಡರೂ ಇಳಿಯಬಾರದು, ಸೆಳೆತ ಜಾಸ್ತಿ ಅಂದರು. ಎಕ್ಸೀಟ್ ಸೇತುವೆವರೆಗೆ ಹಾವಿನ ಹಾಗೆ ಸುತ್ತುವ ಹೊಳೆಯ ಜೊತೆ ನಡೆದು, ಬಸ್ ಸಿಗುವಷ್ಟರಲ್ಲಿ ಏಳು ಗಂಟೆ. ಆದರೆ ಬೆಳಕು ಇನ್ನೂ ನಮ್ಮ ಸಂಜೆ ಐದರಂತೆ ಇತ್ತು. ಮೇ ತಿಂಗಳಲ್ಲಿ ಹೋದರೆ ಅದೊಂದು ಲಾಭ, ದಾರಿ ತಪ್ಪಿದರೂ ಕತ್ತಲಾಗುವುದಿಲ್ಲ.

ಮೂರನೇ ದಿನ: ಏಳೋ ಎಂಟೋ ಅಕ್ಕತಂಗಿಯರು

ಬೆಳಗ್ಗೆ ತುಂತುರು. 12ನೇ ನಂಬರಿನ ಬಸ್ಸಿನಲ್ಲಿ ಎಕ್ಸೀಟ್‌ಗೆ ಬಂದು, ಅಲ್ಲಿ ಹಳೇ ಕಣಜದಂಥ ಕಟ್ಟಡದಲ್ಲಿರುವ ಮಾಹಿತಿ ಕೇಂದ್ರದ ಹತ್ತಿರ ಬಾಟಲಿಗೆ ನೀರು ತುಂಬಿಸಿಕೊಂಡೆವು. ತುಂಬಿಸಿಕೊಂಡಿದ್ದು ಒಳ್ಳೆಯದಾಯಿತು. ಅಲ್ಲಿಂದ ಬರ್ಲಿಂಗ್ ಗ್ಯಾಪ್‌ವರೆಗೆ ಅಂಗಡಿಯಿಲ್ಲ, ನಲ್ಲಿಯಿಲ್ಲ, ಕೂರಲು ಒಂದು ಮರದ ನೆರಳೂ ಇಲ್ಲ.

ಮೊದಲ ಅಕ್ಕ ಹೇವನ್ ಬ್ರೋ. ಇವಳೇ ದೊಡ್ಡವಳು, 77 ಮೀಟರ್. ಏದುಸಿರು ಬಿಡುತ್ತಾ ಹತ್ತಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇಳಿಜಾರು, ಮತ್ತೆ ಏರು. ಶಾರ್ಟ್ ಬ್ರೋ, ರಫ್ ಬ್ರೋ, ಬ್ರಾಸ್ ಪಾಯಿಂಟ್... ಎಲ್ಲರಿಗೂ ಹೆಸರಿದೆ. ನಮ್ಮ ಕಡೆ ಊರಮ್ಮಂದಿರೂ ಏಳು ಜನ ಅಕ್ಕತಂಗಿಯರು ಅಂತಾರಲ್ಲ. ಅವರಿಗಾದರೆ ಊರಿಗೊಬ್ಬರಂತೆ ಗುಡಿ. ಇವರೆಲ್ಲ ಇನ್ನೂ ತವರುಮನೆಯಲ್ಲೇ ಸಾಲಾಗಿ ಕೂತಿದ್ದಾರೆ. ನಾನು ಎಂಟು ಎಣಿಸಿದೆ. ತಮ್ಮ ಏಳು ಎಣಿಸಿದ. ಊಟದ ಹೊತ್ತಿನವರೆಗೂ ಈ ಜಗಳ ನಡೆಯಿತು. ಗಣಿತ ನನ್ನ ಸಬ್ಜೆಕ್ಟ್ ಅಲ್ಲ ಅಂತ ಅವನು ಕೊಂಕು ತೆಗೆದ.

ಈ ಏರಿಳಿತ ಯಾಕೆ ಅಂತ ಮೇಲೆ ನಿಂತಾಗ ಅರ್ಥವಾಗುತ್ತದೆ. ಒಂದೊಂದು ಇಳಿಜಾರೂ ಒಳನಾಡಿನಿಂದ ಬರುವ ಒಂದು ಒಣ ಕಣಿವೆ. ಹಿಮಯುಗದಲ್ಲಿ ನೆಲ ಹೆಪ್ಪುಗಟ್ಟಿದ್ದಾಗ ನೀರು ಇಂಗಲಾರದೆ ಮೇಲೆಯೇ ಹರಿದು ಕೊರೆದ ಕಣಿವೆಗಳು. ಈಗ ನೀರಿಲ್ಲ. ಸಮುದ್ರ ಬಂದು ಗುಡ್ಡ, ಕಣಿವೆ ಎಲ್ಲವನ್ನೂ ಅಡ್ಡಡ್ಡ ಕತ್ತರಿಸಿದೆ, ಹಲಸಿನ ಹಣ್ಣು ಕೊಯ್ದು ಒಳಗೆ ತೋರಿಸಿದ ಹಾಗೆ. ಆ ಒಳಗೆ ಪೂರ್ತಿ ಬಿಳಿ, ನಡುನಡುವೆ ಚಕಮಕಿ ಕಲ್ಲಿನ ಕಪ್ಪು ಗೆರೆಗಳು. ಗೆರೆ ಹಾಕಿದ ನೋಟ್‌ಬುಕ್ಕೇ.

ಆ ಬಿಳಿ ಏನು ಅಂತ ಪಾಠ ಮಾಡಿಬಿಡುತ್ತೇನೆ, ಅಭ್ಯಾಸ ಬಲ. ಸುಮಾರು 8–9 ಕೋಟಿ ವರ್ಷದ ಹಿಂದೆ ಇಲ್ಲಿ ಬೆಚ್ಚಗಿನ ಸಮುದ್ರ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು. ಅವುಗಳ ಮೈಮೇಲೆ ಸುಣ್ಣದ ಬಿಲ್ಲೆಗಳು. ಪಾಚಿ ಸತ್ತ ಹಾಗೆ ಬಿಲ್ಲೆಗಳು ತಳಕ್ಕೆ ಇಳಿದು, ಇಳಿದು, ಇಷ್ಟು ಗೋಡೆಯಾಯಿತು. ಹಳೆಯದು ಅಂತ ನಾನು ಬೆರಗಾಗಬೇಕಿತ್ತು. ಆದರೆ ನಮ್ಮ ಕಡೆ ಬಟ್ಟೆ ಒಗೆಯುವ ಬಂಡೆಗೆ ಮುನ್ನೂರು ಕೋಟಿ ವರ್ಷದ ಹತ್ತಿರ. ಅದರ ಮುಂದೆ ಇದು ನಿನ್ನೆ ಮೊನ್ನೆಯ ಮಗು.

ಈ ಪಾಠ ಮಾಡುತ್ತಲೇ ನಾಲ್ಕನೆಯ ಇಳಿಜಾರಿನಲ್ಲಿ ಜಾರಿ ಬಿದ್ದೆ. ಒದ್ದೆಯಾದ ಸೀಮೆಸುಣ್ಣ ಬಚ್ಚಲಿನ ಸೋಪಿನ ಹಾಗೆ. ನನ್ನ ಶೂ ತಿಪಟೂರಿನಲ್ಲಿ ಕೊಂಡಿದ್ದು. ಅಡಿಯಲ್ಲಿ ಗೀರುಗಳೇನೋ ಇದ್ದವು, ಅವು ಬರೀ ಅಂದಕ್ಕೆ ಅಂತ ಆಗ ಗೊತ್ತಾಯಿತು. ಚೂಡಿದಾರದ ಹಿಂಭಾಗ ಪೂರ್ತಿ ಬಿಳಿ. ಪೆಟ್ಟಾಗಲಿಲ್ಲ, ಬಿದ್ದಿದ್ದು ಅಂಚಿನಿಂದ ದೂರ. ಅಷ್ಟು ದೂರದಲ್ಲಿ ನಡೆದಿದ್ದಕ್ಕೆ ತಮ್ಮನಿಗೆ ಥ್ಯಾಂಕ್ಸ್ ಹೇಳಬೇಕು. ಅಂಚಿಗೆ ಬೇಲಿ ಇಲ್ಲ. ಹುಲ್ಲು ಗಟ್ಟಿ ಕಾಣುತ್ತದೆ, ಕೆಳಗೆ ಟೊಳ್ಳು ಇರಬಹುದು. ನಮ್ಮ ಕಣ್ಣೆದುರೇ ಒಂದು ಹುಡುಗರ ಗುಂಪು ಅಂಚಿನಲ್ಲಿ ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳುತ್ತಿತ್ತು. ಅದೇ ಅಂಚಿನಲ್ಲಿ, ಅವರಿಂದ ಸ್ವಲ್ಪ ಈಚೆಗೆ, ಕೈ ತೂರುವಷ್ಟು ಬಿರುಕು. ನನಗೆ ಬೈಯಬೇಕು ಅನ್ನಿಸಿತು, ಕನ್ನಡದಲ್ಲಿ ಬೈದೂಬಿಟ್ಟೆ. ಏನು ಅರ್ಥವಾಯಿತೋ, ಎದ್ದರು.

ಊಟಕ್ಕೆ ತಮ್ಮನ ಹೆಂಡತಿ ಕಟ್ಟಿಕೊಟ್ಟ ಚಪಾತಿ, ನಾನು ಊರಿನಿಂದ ಒಯ್ದ ಕೊಬ್ಬರಿ ಚಟ್ನಿಪುಡಿ. ಡಬ್ಬಿ ಮುಚ್ಚಳ ತೆಗೆದದ್ದೇ ತಡ, ಗಾಳಿಗೆ ಅರ್ಧ ಚಟ್ನಿಪುಡಿ ಇಂಗ್ಲಿಷ್ ಚಾನೆಲ್ ಕಡೆ ಹೋಯಿತು. ಉಳಿದರ್ಧ ತಮ್ಮನ ಕಣ್ಣಿಗೆ. ಏಳೋ ಎಂಟೋ ಅನ್ನುವ ಜಗಳ ಅಲ್ಲಿಗೆ ಮುಗಿಯಿತು.

ಬರ್ಲಿಂಗ್ ಗ್ಯಾಪ್‌ನಲ್ಲಿ ಕಾಫಿ ಸಿಕ್ಕಿತು, ಬೀಚಿಗೆ ಇಳಿಯಲು ಕಬ್ಬಿಣದ ಮೆಟ್ಟಿಲೂ ಇತ್ತು. ಪಕ್ಕದಲ್ಲಿ 19ನೇ ಶತಮಾನದ ಮನೆಗಳ ಒಂದು ಸಾಲು. ಸಾಲಿನ ಸಮುದ್ರದ ತುದಿ ಚಾಕುವಿನಿಂದ ಕೊಯ್ದ ಬ್ರೆಡ್ಡಿನಂತೆ ನಿಂತಿದೆ. ಆಚೆ ಇದ್ದ ಮನೆಗಳು ಒಂದೊಂದಾಗಿ ಹೋಗಿವೆ. 2014ರ ಚಳಿಗಾಲದ ಬಿರುಗಾಳಿಯ ನಂತರವೂ ಒಂದನ್ನು ಕೆಡವಬೇಕಾಯಿತು. ನಮ್ಮ ಟೇಬಲ್ಲಿನ ಪಕ್ಕ ಕೂತಿದ್ದ ಹೆಂಗಸು ಚಿಕ್ಕಂದಿನಿಂದ ಇಲ್ಲಿಗೆ ಬರುತ್ತಿದ್ದಾರಂತೆ. ಆಗ ಅವರ ಅಪ್ಪ ಕಾರು ನಿಲ್ಲಿಸುತ್ತಿದ್ದ ಜಾಗ ಎಲ್ಲಿ ಅಂತ ಕೇಳಿದೆ. ಅವರು ಕಿಟಕಿಯಾಚೆ ಬೆರಳು ಮಾಡಿದರು. ಅಲ್ಲಿ ಬರೀ ಗಾಳಿ. ವರ್ಷಕ್ಕೆ ಸರಾಸರಿ ಒಂದಡಿಗಿಂತ ಜಾಸ್ತಿ ಈ ಗೋಡೆ ಹಿಂದೆ ಸರಿಯುತ್ತದೆ. "ಬೀಳ್ತಾ ಇರೋದಕ್ಕೇ ಇಷ್ಟು ಬಿಳಿ" ಅಂದರು ಅವರು, ಕಪ್ ಒರೆಸಿಕೊಳ್ಳುತ್ತಾ. "ಬೀಳೋದು ನಿಂತರೆ ಹುಲ್ಲು ಬೆಳೆದು ಹಸಿರಾಗುತ್ತೆ."

ಬೀಚಿಗೆ ಇಳಿದೆ. ಬಂಡೆಯ ಬುಡಕ್ಕೆ ಹೋಗಬಾರದು, ಯಾವಾಗ ಬೇಕಾದರೂ ಕಳಚುತ್ತದೆ. ನೀರಿನ ಕಡೆಗೆ ಬಿದ್ದಿದ್ದ ಒಂದು ಬಿಳಿ ತುಂಡು ಎತ್ತಿಕೊಂಡೆ. ನಿಂಬೆಹಣ್ಣಿನ ಗಾತ್ರ, ನೀರಿನಲ್ಲಿ ಉರುಳಿ ನುಣ್ಣಗಾಗಿತ್ತು. ಅಲ್ಲೇ ಇದ್ದ ಕಪ್ಪು ಚಕಮಕಿ ಕಲ್ಲೊಂದನ್ನು ಸೆರಗಿನ, ಅಂದರೆ ದುಪಟ್ಟಾದ, ತುದಿಯಲ್ಲಿ ಒರೆಸಿ ಅದರ ಮೇಲೆ 'ಅ' ಬರೆದೆ. ಕಿರ್ ಅನ್ನಲಿಲ್ಲ. ಮೆತ್ತಗೆ, ಬೆಣ್ಣೆಯ ಹಾಗೆ ಬಂತು. ನಮ್ಮ ಡಬ್ಬಿಯ ಸೀಮೆಸುಣ್ಣಕ್ಕಿಂತ ಚೆನ್ನಾಗಿ ಬರೆಯಿತು ಅಂತ ಹೇಳಿದರೆ ಯಾರೂ ನಂಬುವುದಿಲ್ಲ.

"ಇದನ್ನ ತಗೊಂಡು ಹೋಗ್ಲಾ?"

"ಬೇಡ ಅಕ್ಕ. ಇಲ್ಲಿ ಬೀಚಿನ ಕಲ್ಲು ಎತ್ತಿಕೊಂಡು ಹೋಗೋದಕ್ಕೂ ಕಾನೂನು ಇದೆ. ಒಬ್ಬೊಬ್ಬರೂ ಒಂದೊಂದು ಅಂತ ಹೊರಟರೆ ಏನು ಗತಿ?"

ಟೀಚರಿಗೇ ಪಾಠ. ಎರಡನ್ನೂ ಅಲ್ಲೇ ಇಟ್ಟೆ. 'ಅ' ಮೇಲಕ್ಕೆ ಕಾಣುವ ಹಾಗೆ.

ಬರೆಯುತ್ತಾ ಕೂತಿದ್ದರಲ್ಲಿ ಕೊನೇ ಬಸ್ ತಪ್ಪಿತು. ಕುರಿಗಳ ನಡುವೆ ಈಸ್ಟ್ ಡೀನ್ ಊರಿನವರೆಗೆ ನಡೆದು ಈಸ್ಟ್‌ಬೋರ್ನ್ ಬಸ್ ಹಿಡಿದೆವು.

ನಾಲ್ಕನೇ ದಿನ: ಎರಡು ಲೈಟ್‌ಹೌಸ್

ಮತ್ತೆ ಅದೇ ಈಸ್ಟ್ ಡೀನ್, ಅದೇ ಕುರಿಗಳು. ಆದರೆ ಇವತ್ತು ಮಂಜು. ಹತ್ತು ಮಾರು ಆಚೆ ಏನೂ ಕಾಣದು. ಆ ಮಂಜಿನಲ್ಲೇ ಬೆಲ್ ಟೂಟ್ ಎಂಬ ಹಳೇ ಲೈಟ್‌ಹೌಸ್ ಎದುರಾಯಿತು. 1830ರ ದಶಕದ್ದು. ಗುಡ್ಡದ ನೆತ್ತಿಯ ಮೇಲೆ ದೀಪ ಇಟ್ಟರೆ ದೂರಕ್ಕೆ ಕಾಣುತ್ತದೆ ಅಂತ ಕಟ್ಟಿದರು. ಆದರೆ ಹೀಗೆ ಮಂಜು ಬಂದ ದಿನ, ಅಂದರೆ ದೀಪ ನಿಜವಾಗಿ ಬೇಕಾದ ದಿನವೇ, ಅದು ಕಾಣುತ್ತಿರಲಿಲ್ಲ. 1902ರಲ್ಲಿ ಕೆಳಗೆ ಸಮುದ್ರದಲ್ಲೇ ಹೊಸದು ಬಂತು. ಹಳೆಯದು ಮನೆಯಾಯಿತು. ಗುಡ್ಡ ಸವೆದು ಅಂಚು ಹೊಸ್ತಿಲಿಗೆ ಬಂದಾಗ, 1999ರಲ್ಲಿ ಇಡೀ ಕಟ್ಟಡವನ್ನು ಜಾಕ್ ಕೊಟ್ಟು ಎತ್ತಿ 17 ಮೀಟರ್ ಹಿಂದಕ್ಕೆ ಜಾರಿಸಿದರು. ಈಗ ಅಲ್ಲಿ ಉಳಿದುಕೊಳ್ಳಲು ರೂಮು ಕೊಡುತ್ತಾರೆ. ನಮ್ಮ ಬಜೆಟ್ಟಿಗೆ ಹೊರಗಿನಿಂದ ನೋಡುವುದೇ ಸರಿಹೋಯಿತು.

ಬೀಚಿ ಹೆಡ್ 162 ಮೀಟರ್. ಬ್ರಿಟನ್ನಿನಲ್ಲೇ ಅತಿ ಎತ್ತರದ ಸುಣ್ಣದ ಕಡಲಬಂಡೆ. ಬೀಚಿಗೂ ಈ ಹೆಸರಿಗೂ ಸಂಬಂಧವಿಲ್ಲ. ಫ್ರೆಂಚಿನಲ್ಲಿ 'ಚೆಂದದ ತಲೆ' ಅಂದದ್ದು ಸವೆದು ಹೀಗಾಗಿದೆ. ತಮ್ಮ ಟೀ ತರಲು ಹೋದ. ನಾನು ಮಂಜು ನೋಡುತ್ತಾ ಒಬ್ಬಳೇ ನಿಂತಿದ್ದೆ. ಎಷ್ಟು ಹೊತ್ತಾಯಿತೋ, ಜಾಕೆಟ್ ಹಾಕಿದ್ದ ಒಬ್ಬ ಹಿರಿಯರು ಪಕ್ಕಕ್ಕೆ ಬಂದು, ಚೆನ್ನಾಗಿದ್ದೀರಾ, ಎಲ್ಲಿಂದ ಬಂದಿದ್ದೀರಿ, ಜೊತೆಗೆ ಯಾರಾದರೂ ಇದ್ದಾರಾ ಅಂತ ಒಂದೊಂದಾಗಿ ಕೇಳಿದರು. ಅಂಚಿಗೆ ಹೋಗಬೇಡಿ ಅಂತ ಗದರಿಸಲು ಬಂದರೇನೋ ಅಂದುಕೊಂಡೆ. ಆಮೇಲೆ ಹೊಳೆಯಿತು. ಬದುಕು ಸಾಕಾದವರೂ ಈ ಜಾಗಕ್ಕೆ ಬರುತ್ತಾರೆ. ಅವರನ್ನು ಮಾತಾಡಿಸಲೆಂದೇ ಸ್ವಯಂಸೇವಕರು ಮಳೆ ಗಾಳಿ ಎನ್ನದೆ ಇಲ್ಲಿ ಓಡಾಡುತ್ತಾರೆ. ತಮ್ಮ ಟೀ ತರಲು ಹೋಗಿದ್ದಾನೆ, ನಾನು ಸ್ಕೂಲ್ ಟೀಚರ್, ಸೀಮೆಸುಣ್ಣ ನೋಡಲು ಬಂದೆ ಅಂದೆ. ಅವರು ನಕ್ಕರು. ತಮ್ಮ ಎರಡು ಕಪ್ ಹಿಡಿದು ಬರುವುದು ಕಾಣುವವರೆಗೂ ಅಲ್ಲೇ ನಿಂತು ಮಾತಾಡಿದರು. ಅದಾದ ಮೇಲೇ ಹೋದರು.

ಟೀ ಮುಗಿಯುವಷ್ಟರಲ್ಲಿ ಮಂಜು ಹರಿಯಿತು. ಕೆಳಗೆ, ತುಂಬಾ ಕೆಳಗೆ, ಕೆಂಪು ಬಿಳಿ ಪಟ್ಟೆಯ ಹೊಸ ಲೈಟ್‌ಹೌಸ್. 43 ಮೀಟರ್ ಎತ್ತರದ್ದು, ಮೇಲಿನಿಂದ ಚೆಸ್ ಕಾಯಿ. ಈ ಪಟ್ಟೆ ಬಳಿಯಲು ಇನ್ನು ದುಡ್ಡು ಹಾಕುವುದಿಲ್ಲ ಅಂತ ಲೈಟ್‌ಹೌಸ್ ನೋಡಿಕೊಳ್ಳುವವರು ಹೇಳಿದಾಗ, ಸುತ್ತಲಿನ ಜನ ಚಂದಾ ಎತ್ತಿ 2013ರಲ್ಲಿ ಬಳಿಸಿದರಂತೆ.

ಅಲ್ಲಿಂದ ಈಸ್ಟ್‌ಬೋರ್ನ್‌ಗೆ ಇಳಿಯುವ ಹುಲ್ಲಿನ ದಾರಿ ಕಡಿದು. ಮಂಡಿ ಕೇಳಿದ್ದನ್ನೆಲ್ಲ ಅಲ್ಲೇ ಕೊಡಬೇಕಾಯಿತು. ಕೆಳಗೆ ಐಸ್‌ಕ್ರೀಮ್ ತಿಂದು, ರೈಲು ಹತ್ತಿ, ನಿದ್ದೆ ಮಾಡಿದೆ. ಇನ್ನೇನೂ ನೆನಪಿಲ್ಲ.

ಊರಲ್ಲಿ

ಜೂನ್. ಸ್ಕೂಲು ಶುರುವಾಗಿ ಎರಡು ವಾರ. ಮಳೆ ಹಿಡಿದಿದ್ದರಿಂದ ಆ ಶೂ ಹುಡುಕಿ ತೆಗೆದೆ. ಅಡಿಯ ಗೀರುಗಳಲ್ಲಿ ಬಿಳಿ ಕೆಸರು ಒಣಗಿ ಕಲ್ಲಾಗಿ ಕೂತಿತ್ತು. ಅಂದಕ್ಕೆ ಇದ್ದ ಗೀರುಗಳು ಇಷ್ಟಾದರೂ ಮಾಡಿದವಲ್ಲ! ಬ್ಯಾಗಿನ ಪಕ್ಕದ ಜೇಬಿನಲ್ಲಿ ವಿನೆಗರ್ ಪ್ಯಾಕೆಟ್ಟೂ ಇತ್ತು, ಒಡೆಯದೆ.

ಎರಡನ್ನೂ ಸ್ಕೂಲಿಗೆ ಒಯ್ದೆ. ಆ ಹುಡುಗಿ ಈಗ ಹತ್ತನೇ ಕ್ಲಾಸು. ಅವಳ ಕೈಯಲ್ಲೇ ಪಿನ್ನಿನಿಂದ ಶೂ ಕೆರೆಸಿದೆ. ಒಂದು ಸ್ಟೀಲ್ ತಟ್ಟೆಯ ಒಂದು ಬದಿಗೆ ಆ ಪುಡಿ, ಇನ್ನೊಂದು ಬದಿಗೆ ಬೀರುವಿನ ಡಬ್ಬಿಯ ಸೀಮೆಸುಣ್ಣದ ಪುಡಿ. ಮೊದಲು ಡಬ್ಬಿಯದಕ್ಕೆ ವಿನೆಗರ್ ಹನಿಸಿದೆವು. ಒದ್ದೆಯಾಯಿತು, ಅಷ್ಟೆ. ಶೂನಿಂದ ಕೆರೆದಿದ್ದಕ್ಕೆ ಹನಿಸಿದ್ದೇ ತಡ, ಗುಳುಗುಳು ಅಂತ ನೊರೆ.

"ಮಿಸ್, ಇದು ಸೀಮೆಸುಣ್ಣ ಅಂದ್ರೆ, ಮತ್ತೆ ನಾವು ಇಷ್ಟು ದಿನ ಬರೀತಿರೋದು ಏನು?"

ನಾನು ಡಬ್ಬಿಯಿಂದ ಒಂದು ತೆಗೆದುಕೊಂಡು, ಬೋರ್ಡಿನ ಮೇಲೆ 'ಜಿಪ್ಸಂ' ಅಂತ ದೊಡ್ಡದಾಗಿ ಬರೆದೆ.